ಪೆಪ್ಟೈಡ್ ಬಾಟಲಿಗಳೂ ‘ಆರಲಿ’ ಎಂಬ ಮಾತೂ

ನಿಮ್ಮ ಯಜಮಾನರ ನೌಕರಿ ಏನೆಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು: ‘ಫ್ರಿಜ್ಜಿನಾಗ ಇಡೂದು, ಫ್ರಿಜ್ಜಿನಿಂದ ತಗಿಯೂದು.’ ಕೇಳಿದವರು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈಗ ನಿವೃತ್ತನಾಗಿ ಹೈದರಾಬಾದಿನ ಮೆಹದಿಪಟ್ಟಣಂನ ಮನೆಯಲ್ಲಿ ಕೂತು ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಅನ್ನಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ್ದು ಅಷ್ಟೇ. ಆದರೆ ಇಡುವುದು ಹೇಗೆ, ತೆಗೆಯುವುದು ಹೇಗೆ ಎಂಬುದರಲ್ಲಿ ಇಷ್ಟೊಂದು ಇದೆಯೆಂದು ನನಗೆ ಕೊನೆಯ ತನಕವೂ ಸೋಜಿಗವೇ. ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಇಂಥದೇ ಕೆಲಸಕ್ಕೆ ಸೇರಿದ್ದಾಳೆ. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸೇಡಂ ಕಡೆಯವನು. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ ಹೈದರಾಬಾದಿಗೆ ಬಂದೆ. ಅಲ್ಲಿ ಇಲ್ಲಿ ಅಲೆದು, ಊರ ಹೊರಗಿನ ಒಂದು ಔಷಧ ಕಂಪನಿಯ ಉಗ್ರಾಣ ಸೇರಿಕೊಂಡೆ. ಅಲ್ಲಿ ತಯಾರಾಗುತ್ತಿದ್ದದ್ದು ಪೆಪ್ಟೈಡ್‌ಗಳು. ನಮ್ಮ ಮೈಯಲ್ಲಿರುವ ಪ್ರೋಟೀನು ಇದೆಯಲ್ಲ, ಅದೇ ಜಾತಿಯ ಚಿಕ್ಕ ಸರ ಎಂದು ತಿಳಿದುಕೊಳ್ಳಿ. ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಪೋಣಿಸಿ ಮಾಡಿದ್ದು. ಆ ಸರದ ಒಂದೇ ಒಂದು ಮಣಿ ಕೆಟ್ಟರೂ ಔಷಧವಾಗಿ ಅದರ ಶಕ್ತಿ ಹೋಗಬಹುದು. ಕೆಟ್ಟಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ಮೊದಲೂ ಬಿಳಿ ಪುಡಿ, ಆಮೇಲೂ ಬಿಳಿ ಪುಡಿ.

ಮೊದಲ ದಿನ ಉಗ್ರಾಣದ ಹಿರಿಯರಾದ ಹಮೀದ್ ಸಾಬರು ನನ್ನ ಅಂಗೈ ಮೇಲೆ ಒಂದು ಪುಟ್ಟ ಕಂದು ಬಣ್ಣದ ಬಾಟಲಿ ಇಟ್ಟರು. ನಾನು ದೀಪಕ್ಕೆ ಹಿಡಿದು ನೋಡಿ, ಖಾಲಿ ಬಾಟಲಿ ಕೊಟ್ಟು ಹೊಸಬನನ್ನು ಗೇಲಿ ಮಾಡುತ್ತಿದ್ದಾರೆ ಅಂದುಕೊಂಡೆ. ಸಾಬರು ನಗಲಿಲ್ಲ. ‘ಖಾಲಿ ನೈ ಮಿಯಾಂ, ತೀನ್ ಮಹೀನೇ ಹೈ ಇಸ್ ಮೇ’ ಅಂದರು, ಖಾಲಿಯಲ್ಲ, ಇದರಲ್ಲಿ ಮೂರು ತಿಂಗಳಿದೆ ಎಂದು. ಮತ್ತೊಮ್ಮೆ ನೋಡಿದೆ. ತಳದಲ್ಲಿ ತೆಳ್ಳಗೆ ಏನೋ ಇತ್ತು, ಹತ್ತಿಯ ಎಳೆಯಷ್ಟು ಹಗುರ. ಮೇಲಿನ ಪ್ರಯೋಗಾಲಯದಲ್ಲಿ ಓದಿದ ಜನ ಮೂರು ತಿಂಗಳು ಒಂದೊಂದೇ ಮಣಿ ಪೋಣಿಸಿ, ತೊಳೆದು, ಶುದ್ಧ ಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿದ್ದು ಅದು. ನಾನು ಇನ್ನೊಂದು ಕೈಯನ್ನೂ ಅದರ ಕೆಳಗೆ ಹಿಡಿದೆ. ಹೆದರುವ ಕೈ ಒಳ್ಳೆಯದೇ, ಆದರೆ ಬಾಟಲಿ ನೆಲಕ್ಕೆ ಬೀಳಬಾರದು ಎಂದು ಸಾಬರು ಅದನ್ನು ವಾಪಸು ತೆಗೆದುಕೊಂಡರು.

ಸಾಬರು ಕಲಿಸಿದ ಪಾಠ ಚಿಕ್ಕದು. ಪೆಪ್ಟೈಡಿಗೆ ಆಗದವು ಐದು: ತೇವ, ಶಾಖ, ಬೆಳಕು, ಗಾಳಿ ಮತ್ತು ಪದೇ ಪದೇ ತೆಗೆದು ಇಡುವ ಕೈ. ಒಣಗಿದ ಪುಡಿಯಾಗಿ, ಮುಚ್ಚಳ ಬಿಗಿಯಾಗಿ, ಕತ್ತಲಲ್ಲಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಟ್ಟರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ನೀರಿನಲ್ಲಿ ಕರಗಿಸಿದ ಮೇಲೆ ಅದರ ಆಯುಸ್ಸು ದಿನಗಳ ಲೆಕ್ಕ. ಕೇಳಲಿಕ್ಕೆ ಇಷ್ಟೇ. ಇದರ ಒಂದೊಂದು ಮಾತೂ ನನಗೆ ಅರ್ಥವಾಗಿದ್ದು ಒಂದೊಂದು ತಪ್ಪು ಮಾಡಿದ ಮೇಲೆ.

ಸಾಬರು ನಿವೃತ್ತರಾದ ಮೇಲೆ ಉಗ್ರಾಣ ನನ್ನ ಕೈಗೆ ಬಂತು. ಜೊತೆಗೆ ನನ್ನ ಜಂಬವೂ ಬಂತು. ನಮ್ಮ ಹಳೆಯ ಫ್ರೀಜರುಗಳ ಗೋಡೆಗೆ ಮಂಜುಗಡ್ಡೆ ಬೆಳೆಯುತ್ತಿತ್ತು. ಆರು ತಿಂಗಳಿಗೊಮ್ಮೆ ಬಾಟಲಿಗಳನ್ನೆಲ್ಲ ಬೇರೆ ಕಡೆ ಸಾಗಿಸಿ ಆ ಗಡ್ಡೆಯನ್ನು ಕರಗಿಸುವುದು ದೊಡ್ಡ ರಗಳೆ. ಹಿಮಾಯತ್‌ನಗರದ ಅಂಗಡಿಯೊಂದರಲ್ಲಿ ಮಂಜು ಕಟ್ಟದ ಹೊಸ ಮಾದರಿ ನೋಡಿ ಬಂದೆ. ಅದನ್ನೇ ತರಿಸಬೇಕೆಂದು ಹಟ ಹಿಡಿದೆ. ಬಂತು. ಒಳಗೆ ಕನ್ನಡಿಯಂಥ ಗೋಡೆ. ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸಿದ್ದೇ ತೋರಿಸಿದ್ದು.

ಆಗ ನಮ್ಮ ಮೇಲಧಿಕಾರಿಯಾಗಿದ್ದವರು ವಸುಂಧರಾ ಮೇಡಂ. ವಾರಂಗಲ್ ಕಡೆಯ ತೆಲುಗಿನವರು, ಮಾತು ಕಡಿಮೆ. ಅವರು ಬಂದು ಫ್ರೀಜರಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಒಂದು ಉಷ್ಣಮಾಪಕ ಇಟ್ಟು, ಇಡೀ ದಿನ ಇದರ ಮುಂದೆ ಕೂತು ಹತ್ತು ಹತ್ತು ನಿಮಿಷಕ್ಕೆ ಅಂಕಿ ಬರೆಯಿರಿ ಅಂದರು. ನನಗೆ ಅವಮಾನವಾಯಿತು. ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಸಂಗತಿ ಬಯಲಾಯಿತು. ಅಂಕಿ ತಾನಾಗಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಗೋಡೆಗೆ ಮಂಜು ಕಟ್ಟದಿರಲೆಂದು ಆ ಯಂತ್ರ ಆಗಾಗ ತನ್ನನ್ನೇ ಕಾಯಿಸಿಕೊಳ್ಳುತ್ತಿತ್ತು. ಒಳಗಿದ್ದ ಸಾಮಾನು ಪ್ರತಿ ಸಲವೂ ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತಿತ್ತು. ಮನೆಯ ಬಟಾಣಿಗೆ ಅದರಿಂದ ತೊಂದರೆಯಿಲ್ಲ, ಪೆಪ್ಟೈಡಿಗೆ ಇದೆ. ನಾನು ಹೊಗಳಿದ್ದ ಗುಣವೇ ಅದರ ದೋಷ. ಮೇಡಂ ಬಯ್ಯಲಿಲ್ಲ. ಫ್ರೀಜರು ಕ್ಯಾಂಟೀನಿಗೆ ಹೋಯಿತು, ಮಂಜು ಕೆರೆಯುವ ರಗಳೆ ನನಗೆ ವಾಪಸು ಬಂತು.

ಆ ಕಾಲದಲ್ಲಿ ಒಂದು ಪೆಪ್ಟೈಡೆಂದರೆ ಒಂದೇ ದೊಡ್ಡ ಬಾಟಲಿ. ಬೇಕಾದವರು ಬಂದು, ತೆರೆದು, ಚೂರು ತೂಗಿಕೊಂಡು, ಮುಚ್ಚಿ ಹೋಗುತ್ತಿದ್ದರು. ಇದನ್ನು ಬದಲಾಯಿಸಿದ್ದೂ ಮೇಡಮ್ಮೇ. ಪುಡಿ ಉಗ್ರಾಣಕ್ಕೆ ಬಂದ ದಿನವೇ ಅದಷ್ಟನ್ನೂ ಚಿಕ್ಕ ಚಿಕ್ಕ ಬಾಟಲಿಗೆ ಹಂಚಿ ಮುಚ್ಚಿಬಿಡಬೇಕು, ಒಂದು ಸಲ ತೆರೆದದ್ದನ್ನು ಮುಗಿಸಬೇಕು, ಉಳಿದವು ತೆರೆಯದೆ ಇರಬೇಕು ಎಂದು ನಿಯಮ ಮಾಡಿದರು. ನಾನು ಗೊಣಗಿದೆ. ಮನೆಗೆ ಬಂದು ಹೆಂಡತಿಯ ಹತ್ತಿರವೂ ಗೊಣಗಿದೆ. ಅವಳು ಉಪ್ಪಿನಕಾಯಿ ಭರಣಿಯಿಂದ ವಾರಕ್ಕಾಗುವಷ್ಟನ್ನು ಸಣ್ಣ ಡಬ್ಬಿಗೆ ತೆಗೆಯುತ್ತಿದ್ದಳು. ದೊಡ್ಡ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ‘ಇದನ್ನ ದಿನಾ ತಗದ್ರ ಬೂಷ್ಟು ಬರತೈತಿ’ ಅಂದಳು. ಮರುದಿನ ಚಿಕ್ಕ ಬಾಟಲಿಗಳಿಗೆ ಬೇಡಿಕೆ ಬರೆದು ಕೊಟ್ಟೆ.

ಒಂದು ದಿನ ಮೇಡಂ ನನ್ನನ್ನು ಮೇಲೆ ಕರೆದರು. ಆರು ವರ್ಷದ ಹಿಂದೆ ನಾನೇ ಫ್ರೀಜರಿನಲ್ಲಿಟ್ಟಿದ್ದ ಬಾಟಲಿಯನ್ನು ಅಂದು ಪರೀಕ್ಷೆ ಮಾಡಿದ್ದರು. ಪರೀಕ್ಷೆಯ ಯಂತ್ರ ಒಂದು ಗೆರೆ ಎಳೆಯುತ್ತದೆ. ಸರಕು ಶುದ್ಧವಾಗಿದ್ದರೆ ಒಂದೇ ಶಿಖರ, ಕೆಟ್ಟಿದ್ದರೆ ಅಕ್ಕಪಕ್ಕ ಸಣ್ಣ ಸಣ್ಣ ಗುಡ್ಡ. ಮೇಡಂ ಆರು ವರ್ಷದ ಹಿಂದಿನ ಹಾಳೆಯನ್ನೂ ಅಂದಿನ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕಿನಲ್ಲಿ ಎರಡೂ ಗೆರೆ ಒಂದೇ ಆಗಿ ಕಂಡವು. ಆ ಆರು ವರ್ಷದಲ್ಲಿ ನನ್ನ ಕೂದಲು ಬೆಳ್ಳಗಾಗಿತ್ತು, ಕಂಪನಿಯ ಗೇಟು ಎರಡು ಸಲ ಬದಲಾಗಿತ್ತು, ಊರು ಬೆಳೆದು ಅಂಚಿನ ಮಣಿಕೊಂಡವನ್ನೂ ದಾಟಿ ಎಲ್ಲಿಗೋ ಹೋಗಿತ್ತು. ಆ ಪುಡಿ ಮಾತ್ರ ಇಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಮೇಡಂ ಅದನ್ನು ನೋಡಿಯೂ ನೋಡದವರಂತೆ ಹಾಳೆ ಮಡಚಿದರು. ನನಗೆ ಬಡ್ತಿ ಸಿಕ್ಕ ದಿನ ಇಷ್ಟು ಸಂತೋಷವಾಗಿರಲಿಲ್ಲ.

ಇನ್ನು ಮಲ್ಲಮ್ಮನ ಸಂಗತಿ. ಬರೆಯಲು ಕೂತಿದ್ದೇ ಇದಕ್ಕಾಗಿ.

ಮಲ್ಲಮ್ಮ ಯಾದಗಿರಿ ಕಡೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಗುತ್ತಿಗೆದಾರನ ಮೂಲಕ ಬಂದು ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಗಂಡ ಮಣಿಕೊಂಡದಲ್ಲಿ ಕಟ್ಟಡದ ಕೆಲಸ ಮಾಡುವಾಗ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಮನೆ ನಡೆಯುತ್ತಿದ್ದದ್ದು ಅವಳ ಕುತ್ತಿಗೆಯಲ್ಲಿ ತೂಗುವ ಗೇಟ್ ಪಾಸಿನ ಮೇಲೆ. ಅವಳು ತೊಳೆದ ಬಾಟಲಿಯಲ್ಲಿ ಒಂದು ಕಲೆಯೂ ಇರುತ್ತಿರಲಿಲ್ಲ. ಆ ಕೈ ನೋಡಿಯೇ ನಾನು ಅವಳನ್ನು ಉಗ್ರಾಣದ ಸಹಾಯಕ್ಕೆ ಕರೆದುಕೊಂಡೆ. ಕನ್ನಡ ಮಾತಾಡುವವಳು ಎಂಬ ಆಸೆಯೂ ಇತ್ತು. ಇಡೀ ದಿನ ತೆಲುಗು, ಹಿಂದಿ ಆಡಿ ಆಡಿ ನನ್ನ ನಾಲಿಗೆ ದಣಿದಿರುತ್ತಿತ್ತು.

ಫ್ರೀಜರಿನ ಬಾಟಲಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು. ಬಾಟಲಿ ಕೋಣೆಯ ಹದಕ್ಕೆ ಬರುವ ತನಕ ಮುಚ್ಚಿದಂತೆಯೇ ಕಾಯಬೇಕು. ಬೇಗ ತೆರೆದರೆ ಹೊರಗಿನ ಗಾಳಿಯ ತೇವ ತಣ್ಣಗಿರುವ ಪುಡಿಯ ಮೇಲೆ ಕೂತುಬಿಡುತ್ತದೆ. ಅಲ್ಲಿಗೆ ಪುಡಿಯ ಕತೆ ಮುಗಿಯಿತು. ಆ ತನಕ ಬಾಟಲಿಗಳನ್ನು ಹೊರಗೆ ತೆಗೆದು ತೂಗುವ ಕೆಲಸ ನಾನೇ ಮಾಡುತ್ತಿದ್ದೆ, ಮಲ್ಲಮ್ಮ ಎಣಿಸಿ ಇಡುತ್ತಿದ್ದಳು ಅಷ್ಟೇ.

ಅದು ಮಳೆಗಾಲದ ಒಂದು ಮಧ್ಯಾಹ್ನ. ಗಾಳಿ ಹಿಂಡಿದರೆ ನೀರು ಬರುವಂತಿತ್ತು. ಮೇಡಂ ತಮ್ಮ ಕೈಯಾರೆ ತಿಂಗಳುಗಟ್ಟಲೆ ಶುದ್ಧ ಮಾಡಿದ್ದ ಒಂದು ಪೆಪ್ಟೈಡಿನ ಎಂಟು ಬಾಟಲಿಗಳನ್ನು ತೂಗಿ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಮುಂದೆ ತಯಾರಾಗುವ ಸರಕನ್ನೆಲ್ಲ ಅದರ ಜೊತೆ ಹೋಲಿಸಿ ನೋಡಬೇಕು, ಅಂಥ ಮಾದರಿ ಅದು. ನಾನು ಎಂಟನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಗೇಟಿನಿಂದ ಫೋನ್ ಬಂತು. ಬಾಟಲಿಗಳನ್ನು ತಣ್ಣಗೆ ಕಳಿಸಲು ಬೇಕಾದ ಒಣ ಮಂಜುಗಡ್ಡೆಯ, ಅಂದರೆ ಡ್ರೈ ಐಸಿನ, ಪೆಟ್ಟಿಗೆ ತಂದ ಲಾರಿ ತಡವಾಗಿ ಬಂದು ನಿಂತಿತ್ತು. ಮಲ್ಲಮ್ಮನಿಗೆ, ‘ಇವು ಆರಲಿ. ಆರಿದ ಮ್ಯಾಲೆ ತೂಗೂಣು’ ಎಂದು ಹೇಳಿ ಓಡಿದೆ.

ವಾಪಸು ಬಂದಾಗ ಎಂಟು ಬಾಟಲಿಗಳೂ ಬಾಯಿ ತೆರೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಮೇಲೆ ಫ್ಯಾನು ತಿರುಗುತ್ತಿತ್ತು. ಪ್ರತಿ ಬಾಟಲಿಯ ಮುಂದೆ ಅದರದೇ ಮುಚ್ಚಳ, ನಂಬರು ತಪ್ಪದ ಹಾಗೆ. ಧೂಳು ಬೀಳದಿರಲೆಂದು ಮೇಲೊಂದು ತೆಳು ಕಾಗದವನ್ನೂ ಹರಡಿದ್ದಳು. ಒಳಗಿನ ಪುಡಿ ಆಗಲೇ ಕುಗ್ಗಿ ತಳಕ್ಕೆ ಅಂಟಿತ್ತು.

ಯಾಕೆ ತೆಗೆದೆ ಎಂದು ಕಿರುಚಿದೆ. ‘ನೀವ ಹೇಳಿದ್ರಲ್ರಿ ಸಾಹೇಬ್ರ, ಆರಲಿ ಅಂತ’ ಅಂದಳು. ಎದುರು ಮಾತಾಡುತ್ತಾಳೆ ಅನ್ನಿಸಿತು. ನನ್ನ ಬಾಯಿಂದ ಏನೇನು ಬಂತೋ, ಇಲ್ಲಿ ಬರೆಯಲಾರೆ. ಅವಳು ಸೆರಗು ಕಚ್ಚಿಕೊಂಡು ನಿಂತಿದ್ದಳು.

ಇಂಥದು ನಡೆದರೆ ಒಂದು ವರದಿ ಬರೆಯಬೇಕು. ಅದರಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇರುತ್ತದೆ. ನಾನು ಬರೆದೆ: ‘ಸಹಾಯಕಿಯ ಅಜಾಗರೂಕತೆ. ಕೊಟ್ಟ ಸೂಚನೆಯನ್ನು ಪಾಲಿಸಿಲ್ಲ.’ ಸಹಿ ಹಾಕಿ ಮೇಡಂ ಮೇಜಿನ ಮೇಲಿಟ್ಟೆ. ಅವರು ಅಂದು ಊರಲ್ಲಿರಲಿಲ್ಲ. ಸಂಜೆಯೊಳಗೆ ಗುತ್ತಿಗೆದಾರನಿಗೆ ಸುದ್ದಿ ಮುಟ್ಟಿತು. ಮೇಡಂ ವರದಿ ಒಪ್ಪಿದ ಕೂಡಲೇ ಪಾಸು ರದ್ದು ಮಾಡುತ್ತೇನೆ, ನಾಳೆ ಬಂದು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗು ಎಂದು ಮಲ್ಲಮ್ಮನಿಗೆ ಹೇಳಿದನಂತೆ. ನಾನು ಕಂಪನಿ ಬಸ್ಸು ಹತ್ತಿ ಮನೆಗೆ ಬಂದೆ. ಸಿಟ್ಟು ಇಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಚಹಾ ತಂದಿಟ್ಟಳು. ನಾನು ಅವಸರದಲ್ಲಿ ಬಾಯಿಗೆ ಒಯ್ದೆ. ‘ಆರಲಿ ತಡೀರಿ, ನಾಲಿಗಿ ಸುಡತೈತಿ’ ಅಂದಳು. ಅಂದವಳೇ ಬಕೆಟ್ ಎತ್ತಿಕೊಂಡು ಬಾಲ್ಕನಿಗೆ ಹೋಗುತ್ತ, ‘ಈ ಮಳ್ಯಾಗ ಬಟ್ಟಿ ಯಾವಾಗ ಆರತಾವೋ’ ಎಂದು ಗೊಣಗಿದಳು.

ನಾನು ಬಟ್ಟಲು ಕೆಳಗಿಟ್ಟೆ. ಚಹಾ ಆರುವುದೆಂದರೆ ಬಿಸಿ ಹೋಗುವುದು. ಬಟ್ಟೆ ಆರುವುದೆಂದರೆ ನೀರು ಹೋಗುವುದು. ತಣ್ಣಗಿದ್ದದ್ದು ಕೋಣೆಯ ಹದಕ್ಕೆ ಬರುವುದಕ್ಕೆ ನಮ್ಮ ಮಾತಿನಲ್ಲಿ ಸರಿಯಾದ ಶಬ್ದವೇ ಇಲ್ಲ. ಬಿಸಿಯದನ್ನು ಹದಕ್ಕೆ ತರುವ ಶಬ್ದವನ್ನೇ ನಾನು ಇದಕ್ಕೂ ಎಳೆದು ತಂದಿದ್ದೆ. ಆದರೆ ಮಲ್ಲಮ್ಮ ಎರಡು ವರ್ಷ ಬಾಟಲಿ ತೊಳೆದವಳು. ಬಾಟಲಿ ಆರಲಿಕ್ಕೆ ಇಡು ಎಂದು ಅವಳಿಗೆ ದಿನಾ ಹೇಳುತ್ತಿದ್ದವನೂ ನಾನೇ. ಹಾಗಂದರೆ ಮುಚ್ಚಳ ತೆಗೆದು ಬಾಯಿ ತೆರೆದು ಗಾಳಿಗೆ ಇಡುವುದು. ಅವಳ ಕಣ್ಣೆದುರು ಎಂಟು ಬಾಟಲಿಗಳು ಮೈತುಂಬ ನೀರು ಬಿಡುತ್ತ ನಿಂತಿದ್ದವು. ಅವಳು ಮಾಡಿದ್ದು ನಾನು ಹೇಳಿದ್ದನ್ನೇ, ಅದೂ ಎಷ್ಟು ಅಚ್ಚುಕಟ್ಟಾಗಿ. ಚಹಾ ಹಾಗೇ ಬಿಟ್ಟು ಹೊರಟೆ.

ಮೇಡಂ ಆಗ ತಾನೇ ಬಂದು ಕೂತಿದ್ದರು. ವರದಿ ಅವರ ಮುಂದಿತ್ತು, ಇನ್ನೂ ಸಹಿ ಬಿದ್ದಿರಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ನನ್ನ ತೆಲುಗು ಆ ದಿನ ತಡವರಿಸುತ್ತಿತ್ತು. ನೀವು ಹೇಳಿದ ಶಬ್ದ ಯಾವುದು ಎಂದು ಕೇಳಿದರು. ಹೇಳಿದೆ. ಅವರು, ‘ಮಾ ಇಂಟ್ಲೋ ಕೂಡಾ ಆರಬೆಟ್ಟಡಂ ಅಂಟೇ ಬಟ್ಟಲೇ’ ಅಂದರು. ತಮ್ಮ ಮನೆಯಲ್ಲೂ ಆ ಮಾತು ಬಟ್ಟೆ ಒಣಗಿಸುವುದಕ್ಕೇ ಎಂದು. ಆಮೇಲೆ ವರದಿಯನ್ನು ನನ್ನ ಕಡೆ ತಳ್ಳಿದರು. ಅವರ ಎಷ್ಟೋ ತಿಂಗಳ ಕೆಲಸ ಆ ಎಂಟು ಬಾಟಲಿಗಳಲ್ಲಿ ಅಂಟಾಗಿ ಹೋಗಿತ್ತು. ಅದರ ಬಗ್ಗೆ ಅಂದೂ ಒಂದು ಮಾತಾಡಲಿಲ್ಲ, ಆಮೇಲೂ ಆಡಲಿಲ್ಲ. ಮರುವಾರ ಮೊದಲ ಮಣಿಯಿಂದ ಮತ್ತೆ ಶುರು ಮಾಡಿದರು. ಅಂಥವರ ಕೈಕೆಳಗೆ ಕೆಲಸ ಮಾಡಿದೆನಲ್ಲ ಎಂದು ಈಗಲೂ ಬೆರಗಾಗುತ್ತದೆ.

ನಾನು ಹಳೆಯ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಹೊಸದಾಗಿ ಬರೆದೆ: ‘ಸೂಚನೆ ಕೊಟ್ಟವನು ಎರಡು ಅರ್ಥದ ಶಬ್ದ ಬಳಸಿದ್ದಾನೆ. ಸಹಾಯಕಿಯ ತಪ್ಪಿಲ್ಲ.’ ಪಾಸು ರದ್ದು ಮಾಡಬೇಡ ಎಂದು ಗುತ್ತಿಗೆದಾರನಿಗೆ ಫೋನು ಹೋಯಿತು. ಚುಕ್ತಾ ಮಾಡಿಸಿಕೊಳ್ಳಲು ಗೇಟಿನಲ್ಲಿ ಕಾದಿದ್ದ ಮಲ್ಲಮ್ಮನನ್ನು ಮೇಡಂ ಒಳಗೆ ಕರೆಸಿದರು. ನಡೆದದ್ದನ್ನು ತಿಳಿಸಿ, ಈ ಮಾತನ್ನು ಯಾರಿಗೂ ತಪ್ಪು ತಿಳಿಯದ ಹಾಗೆ ಹೇಗೆ ಹೇಳಬೇಕು, ನೀನೇ ಹೇಳು ಎಂದರು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

‘ಬಾಟ್ಲಿ ಬೆವರು ನಿಂತು ಮೈ ಒಣಗೂತನಾ ಮುಚ್ಚಳ ಮುಟ್ಟಬ್ಯಾಡ್ರಿ’ ಅಂದಳು.

ಮೇಡಂ ಅದನ್ನು ನನ್ನಿಂದ ತೆಲುಗಿನಲ್ಲಿ ಹೇಳಿಸಿಕೊಂಡು ಬರೆದುಕೊಂಡರು. ಮೂರು ಭಾಷೆಯಲ್ಲಿ ಹಲಗೆ ಬರೆಸಿ ಫ್ರೀಜರ್ ಕೋಣೆಯ ಬಾಗಿಲಿಗೆ ಹಾಕಿಸಿದರು. ಈಗಂತೂ ಯಾರೂ ಬಾಟಲಿಯನ್ನು ಬಯಲಲ್ಲಿ ಬೆವರಲು ಬಿಡುವುದಿಲ್ಲ. ತೇವ ಹೀರುವ ಹರಳು ಹಾಕಿದ ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟು ಗಡಿಯಾರ ನೋಡಿ ಕಾಯುತ್ತಾರೆ. ಫ್ರೀಜರಿನ ಅಂಕಿ ತಾನಾಗಿ ಮೊಬೈಲಿಗೆ ಬರುತ್ತದೆ. ಇದೆಲ್ಲ ಒಳ್ಳೆಯದೇ.

ಮೇಡಂ ಕೋಣೆಯಿಂದ ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ನಾನು ಮಲ್ಲಮ್ಮನಿಗೆ, ನಿನ್ನೆ ನಾನು ಬರೆದದ್ದು ತಪ್ಪಾಯಿತು ಎಂದೆ. ದೊಡ್ಡ ಮನಸ್ಸು ಮಾಡಿದೆ ಎಂಬ ಸಣ್ಣ ಹೆಮ್ಮೆಯೂ ನನ್ನ ದನಿಯಲ್ಲಿ ಇದ್ದಿರಬೇಕು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು:

‘ನನಗೂ ಅನುಮಾನ ಬಂದಿತ್ರಿ ಸಾಹೇಬ್ರ. ಒಳಗ ಔಷಧ ಐತಿ, ತಗದ್ರ ಹೆಂಗಂತ. ಕೇಳಿ ಬರೂಣಂತ ಗೇಟಿನ ತನಕ ಬಂದಿದ್ದೆ. ನೀವು ಲಾರಿಯವನ ಮ್ಯಾಲೆ ಒದರಾಕತ್ತಿದ್ರಿ. ಹಂಗ ತಿರಗಿ ಹೋದೆ. ಅದನ್ನೂ ಬರದೀರೇನ್ರಿ ಕಾಗದದಾಗ?’

ಬರೆದಿರಲಿಲ್ಲ. ಪೆಪ್ಟೈಡಿನ ಐದು ಶತ್ರುಗಳನ್ನು ಬಾಯಿಪಾಠ ಮಾಡಿದ್ದ ನನಗೆ ನನ್ನ ಸಿಟ್ಟೂ ಅವುಗಳ ಸಾಲಿನಲ್ಲಿದೆ ಎಂದು ಅಷ್ಟು ವರ್ಷ ಒಬ್ಬರೂ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲಿಲ್ಲ. ವಾಪಸು ಮೇಡಂ ಕೋಣೆಗೆ ಹೋಗಿ ವರದಿ ಕೇಳಿ ಪಡೆದು ಇನ್ನೊಂದು ಸಾಲು ಸೇರಿಸಿದೆ: ‘ಸಹಾಯಕಿಗೆ ಅನುಮಾನವಿತ್ತು. ಉಗ್ರಾಣಾಧಿಕಾರಿಯ ಸಿಟ್ಟಿಗೆ ಹೆದರಿ ಕೇಳಲಿಲ್ಲ.’ ಕೈ ಬರೆಯಲು ಒಪ್ಪುತ್ತಿರಲಿಲ್ಲ, ಬರೆಸಿದೆ. ಮೇಡಂ ಓದಿ ಕೆಳಗೆ ಸಹಿ ಹಾಕಿದರು.

ಅದಾಗಿ ಕೆಲವು ವಾರ ಮಲ್ಲಮ್ಮ ಬೇಕಾದಷ್ಟೇ ಮಾತಾಡುತ್ತಿದ್ದಳು. ಆಮೇಲೆ ಒಂದು ದಿನ, ಬಾಟಲಿಗಳನ್ನು ಎಣಿಸಿ ಇಡುತ್ತಿದ್ದಾಗ, ಒಂದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ‘ಸಾಹೇಬ್ರ, ಬ್ಯಾಸಿಗ್ಯಾಗ ಈ ಪುಡಿ ಬಾಟ್ಲಿ ಗ್ವಾಡಿಗೆ ಜಿಗದು ಅಂಟಿರತೈತಿ. ಮಳಿಗಾಲದಾಗ ಸುಮ್ಮನ ತಳದಾಗ ಕುಂತಿರತೈತಿ. ಯಾಕ್ರಿ?’

ನಾನು ಬಾಟಲಿ ಇಸಿದುಕೊಂಡು ನೋಡಿದೆ. ನನ್ನ ಇಡೀ ನೌಕರಿಯಲ್ಲಿ ದಿನಾ ನನ್ನ ಕಣ್ಣ ಮುಂದೆಯೇ ಇದ್ದ ಸಂಗತಿ ಅದು, ನಾನು ನೋಡಿರಲಿಲ್ಲ. ಏನಾದರೊಂದು ಹೇಳಿ ಸಾಗಹಾಕಲು ಬಾಯಿ ತೆರೆದೆ, ಮುಚ್ಚಿದೆ.

‘ನನಗ ಗೊತ್ತಿಲ್ಲವ್ವ. ನಡಿ, ಮೇಡಮ್ಮಗ ಕೇಳೂಣು’ ಅಂದೆ. ಉಗ್ರಾಣದಲ್ಲಿ ನಿಂತು ನಾನು ಗೊತ್ತಿಲ್ಲ ಎಂದದ್ದು ಅದೇ ಮೊದಲು. ಮಲ್ಲಮ್ಮ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನಗಿಂತ ಮುಂದಾಗಿ ಮೆಟ್ಟಿಲು ಹತ್ತಿದಳು.